ತೊಟ್ಟಿನ ಇದ್ದಿಲು

ಬೇಸಿನ್ನಿನಲ್ಲಿ ಇವತ್ತೂ ಕರಿ ಕಲೆ. ದ್ರಾಕ್ಷಾಯಿಣಿ ನಲ್ಲಿ ತಿರುವಿ ಅಂಗೈಯಿಂದ ನೀರು ಸುರಿದಳು. ಕಲೆ ಅಂಚಿನವರೆಗೆ ಸರಿದು ಅಲ್ಲೇ ಕೂತಿತು. ಅವಳ ತಾಯಿ ಹೊಳಿಯವ್ವ ಅಷ್ಟರಲ್ಲಿ ಹಲ್ಲುಜ್ಜಿ ಮುಗಿಸಿ ಹಿತ್ತಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಳು. ಬಾಯಿಯ ಮೂಲೆಯಲ್ಲಿ ಇನ್ನೂ ಒಂದಿಷ್ಟು ಕಪ್ಪು. “ಪೇಸ್ಟ್ ತಂದಿಟ್ಟೇನಲ್ಲಬೇ, ಯಾಕ ಈ ಮಸಿ ತಿಕ್ಕೋತಿ?” ಅಂದಳು ದ್ರಾಕ್ಷಾಯಿಣಿ. “ಪೇಸ್ಟ್ ವಸಡಿಗೆ ಉರಿತೈತಿ. ಇದು ನುಣ್ಣಗ ಐತಿ, ಬಾಯಿ ತಂಪಿರತೈತಿ,” ಅಂದಳು ಹೊಳಿಯವ್ವ. ಎರಡು ತಿಂಗಳಿನಿಂದ ದಿನಕ್ಕೊಮ್ಮೆ ನಡೆಯುವ ಮಾತು ಇದು, ಉತ್ತರ ಗೊತ್ತಿದ್ದೇ ಕೇಳುವುದು, ಕೇಳುತ್ತಾಳೆಂದು ಗೊತ್ತಿದ್ದೇ ಹೇಳುವುದು. ಬೇಸಿನ್ನಿನ ಮೇಲಿನ ಹಲಗೆಯಲ್ಲಿ ಕೆಂಪು ಮುಚ್ಚಳದ ಗಾಜಿನ ಡಬ್ಬಿ, ಅದರೊಳಗೆ ಕಾಲುಭಾಗ ಉಳಿದ ಕರಿಪುಡಿ. ಅವ್ವ ಸಂತೆಯಿಂದ ತಂದಿರಬೇಕು ಅಂತ ಅವಳು ಅಂದುಕೊಂಡಿದ್ದಳು. ಯಾರೋ ಕೊಟ್ಟು ಹೋದರು ಅಂತ ಅವ್ವ ಒಮ್ಮೆ ಹೇಳಿದ್ದಳೇನೋ. ಅವತ್ತು ಅವಳ ಮುಂದೆ ಎಂಬತ್ತು ಉತ್ತರಪತ್ರಿಕೆಗಳ ಗಂಟು ಬಿದ್ದಿತ್ತು, ಕಿವಿಗೆ ಬಿದ್ದದ್ದು ತಲೆಯವರೆಗೆ ಹೋಗಲಿಲ್ಲ. ರಾಣೆಬೆನ್ನೂರಿನ ಡಿಗ್ರಿ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ರಸಾಯನಶಾಸ್ತ್ರ ಕಲಿಸುವವಳ ಮನೆಯಲ್ಲಿ ಇದ್ದಿಲಿನಿಂದ ಹಲ್ಲುಜ್ಜುತ್ತಾರೆ ಅಂದರೆ ಜನ ನಕ್ಕಾರು ಅನ್ನುವ ಚಿಂತೆಯೊಂದೇ ಅವಳದು. ಮೂವತ್ತೆಂಟಾದರೂ ಮದುವೆಯಾಗಲಿಲ್ಲ ಅಂತ ಆಡಿಕೊಂಡು ಸುಸ್ತಾದವರಿಗೆ ಹೊಸದೊಂದು ಸಿಕ್ಕಂತಾಗುತ್ತಿತ್ತು.

ಇವತ್ತು ರಜೆ. ಆರು ಗಾಜಿನ ಶೀಷೆಗಳನ್ನು ಹಳೆಯ ಟವೆಲ್ಲಿನಲ್ಲಿ ಒಂದೊಂದಾಗಿ ಸುತ್ತಿ ಚೀಲಕ್ಕೆ ಇಳಿಸಿದಳು. ಒಂದೊಂದರಲ್ಲೂ ನೈಟ್ರಿಕ್ ಆಮ್ಲದ ನಾಲ್ಕು ಹನಿ. ಇದನ್ನು ಏಳು ತಿಂಗಳ ಹಿಂದೆ ಮಾಡಬೇಕಾಗಿತ್ತು. ನೀರಿನಲ್ಲಿರುವ ಪಾದರಸ ಪ್ಲಾಸ್ಟಿಕ್ ಬಾಟಲಿಯಲ್ಲಿ ನಿಲ್ಲುವುದಿಲ್ಲ, ಗೋಡೆಗೆ ಅಂಟುತ್ತದೆ, ಹಾರಿಯೂ ಹೋಗುತ್ತದೆ. ಆಮ್ಲ ಹಾಕಿ ಗಾಜಿನಲ್ಲಿಟ್ಟರೆ ಮಾತ್ರ ಇದ್ದದ್ದು ಇದ್ದಂತೆ ಇರುತ್ತದೆ. ಇದನ್ನು ಅವಳೇ ಎರಡನೆಯ ವರ್ಷದವರಿಗೆ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು ಪಾಠ ಮಾಡಿದ್ದಾಳೆ. ಆದರೆ ಮೋಟೆಬೆನ್ನೂರಿನ ಪ್ರೇಮವ್ವನ ಮನೆಯಿಂದ, ತಾನೇ ಮಾಡಿಕೊಟ್ಟ ಇದ್ದಿಲಿನ ಕೊಡದಲ್ಲಿ ಸೋಸಿದ ನೀರು ತಂದದ್ದು ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಕುಡಿದು ಖಾಲಿ ಮಾಡಿದ ಬಾಟಲಿಗಳಲ್ಲಿ. ಧಾರವಾಡಕ್ಕೆ ಹೋಗಲು ರಜೆ ಸಿಗುವ ತನಕ ಅವು ಕಾಲೇಜಿನ ಫ್ರಿಜ್ಜಿನಲ್ಲಿ ಹತ್ತು ದಿನ, ಹನ್ನೆರಡು ದಿನ ಕೂತಿರುತ್ತಿದ್ದವು. ಪ್ರತಿ ಸಲವೂ ಫಲಿತಾಂಶ ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದನ್ನು ಯಾರು ಅನುಮಾನಿಸುತ್ತಾರೆ? ಧಾರವಾಡದ ಪ್ರಯೋಗಾಲಯದಲ್ಲಿ ಪಾದರಸ ಅಳೆಯುವ ಯಂತ್ರ ನೋಡಿಕೊಳ್ಳುವ ಮಹಮ್ಮದ್ ಹನೀಫ್ ಅನುಮಾನಿಸಿದ. “ಮೇಡಂ, ಸೋಸದ ಬೋರ್ ನೀರನ್ನ ಇದ ಬಾಟ್ಲ್ಯಾಗ ಹತ್ತು ದಿನ ಇಟ್ಟು ಒಮ್ಮೆ ತರ್ರಿ,” ಅಂದ. ಮೋಟೆಬೆನ್ನೂರಿನ ವಿದ್ಯಾರ್ಥಿಯೊಬ್ಬನ ಕೈಲಿ ತರಿಸಿದಳು. ಮೂರು ವಾರದ ಹಿಂದೆ ಅದನ್ನು ಯಂತ್ರಕ್ಕೆ ಹಾಕಿದಾಗ, ಮೊದಲ ಸಲ ತುಂಬಿದ ದಿನವೇ ಒಯ್ದು ಅಳೆದಾಗ ನಲವತ್ತು ತೋರಿಸಿದ್ದ ಕಚ್ಚಾ ನೀರು ಎರಡು ತೋರಿಸಿತು. ಹನೀಫ್ ನಗಲಿಲ್ಲ. “ನಿಮ್ಮ ಇದ್ದಲಿ ಖರೇನ ಪಾದರಸ ಹಿಡದೈತೋ, ಇಲ್ಲಾ ಬಾಟ್ಲಿ ಹಿಡದು ಇದ್ದಲಿಗೆ ಹೆಸರು ಬಂದೈತೋ, ಈಗ ಹ್ಯಾಂಗ ಹೇಳೋದ್ರಿ?” ಅಂದ. ಅವತ್ತೇ ಮೋಟೆಬೆನ್ನೂರಿನಲ್ಲಿ ಇಳಿಯಬಹುದಿತ್ತು. ಬಸ್ಸು ಅದೇ ದಾರಿಯಲ್ಲೇ ಬರುತ್ತದೆ. ಕಿಟಕಿಯಿಂದ ಆ ಓಣಿಯ ತಿರುವು ನೋಡಿಯೇ ಬಂದಳು. ಆಮೇಲೆ ಮೌಲ್ಯಮಾಪನ ಬಂತು, ಶೀತಜ್ವರ ಬಂತು, ನೆಪಕ್ಕೇನು ಬರ.

ಹೆದ್ದಾರಿಯ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಶೀಷೆಗಳು ಟವೆಲ್ಲಿನೊಳಗೂ ಸದ್ದು ಮಾಡುತ್ತಿದ್ದವು. ಇದ್ದಿಲು ಅಂದರೆ ಬೇರೇನಲ್ಲ, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟಿನದು. ಬ್ಯಾಡಗಿಯ ಮಾರುಕಟ್ಟೆಯ ಹಿಂದೆ ಸುಗ್ಗಿಯಲ್ಲಿ ಅವು ಮನೆಯೆತ್ತರ ರಾಶಿ ಬೀಳುತ್ತವೆ, ಯಾರಿಗೂ ಬೇಡ. ಗಾಳಿ ಆಡದ ತಗಡಿನ ಡಬ್ಬದಲ್ಲಿ ಸುಟ್ಟು, ಗಂಧಕದ ಜೊತೆ ಇನ್ನೊಮ್ಮೆ ಕಾಯಿಸಿದರೆ ಪಾದರಸವನ್ನು ಹಿಡಿದಿಟ್ಟುಕೊಳ್ಳುವ ಗುಣ ಬರುತ್ತದೆ. ಪಾದರಸಕ್ಕೂ ಗಂಧಕಕ್ಕೂ ಇರುವ ನಂಟು ಹಳೆಯದು. ಪೇಟೆಯಲ್ಲಿ ಸಿಗುವ ಫಿಲ್ಟರು ಕೊಳ್ಳಲಾಗದ ಮನೆಗೆ ಎರಡು ಮಣ್ಣಿನ ಕೊಡ, ನಡುವೆ ಅರ್ಧ ಕಿಲೋ ಇದ್ದಿಲು, ಇಷ್ಟೇ ಸಾಕು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಇಲ್ಲಿ ಹಿತ್ತಲ ಕಸವೇ ಮದ್ದು, ಅಂತ ಪತ್ರಿಕೆಯವರು ಬರೆದರು. ಕಾಲೇಜಿನಲ್ಲಿ ಪ್ರಾಚಾರ್ಯ ಪ್ರವೀಣಕುಮಾರರು ಶಾಲು ಹೊದಿಸಿದರು. ಮೈಕಿನ ಮುಂದೆ ನಿಂತಾಗ ಅವಳ ಬಾಯಿಂದ ಬಂತು: ನನ್ನ ತಾಯಿ ಇಪ್ಪತ್ತಾರು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿದವಳು. ಹಾವೇರಿಯ ಹಾಸ್ಟೆಲ್ಲಿನಲ್ಲಿ, ಎಮ್ಮೆಸ್ಸಿಯಲ್ಲಿ, ಕೆಲಸಕ್ಕೆ ಸೇರಿದ ಮೇಲೆ, ಇಪ್ಪತ್ತು ವರ್ಷ ಯಾರ ಮುಂದೆಯೂ ಆಡದ ಮಾತು ಅದು. ಅವ್ವ ಮನೆಗೆಲಸ ಅಂತಲೋ, ಹೊಲ ನೋಡಿಕೊಳ್ಳುತ್ತಾಳೆ ಅಂತಲೋ ಹೇಳಿ ದಾಟಿಸಿದ್ದಳು. ಸಭೆ ಚಪ್ಪಾಳೆ ತಟ್ಟಿತು. ಮೂರನೆಯ ಸಾಲಿನಲ್ಲಿ ಹೊಳಿಯವ್ವ ತನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನೊಳಗೆ ಸೇರಿಸಿಕೊಂಡಳು. ಆ ಕೈಗಳು ಸುಗ್ಗಿಯಲ್ಲಿ ಉರಿಯುತ್ತಿದ್ದವು, ಮಗಳ ಮುಖ ಮುಟ್ಟುವಂತಿರಲಿಲ್ಲ. ಅತ್ತರೆ ಮೊಣಕೈಯಿಂದ ಕಣ್ಣೊರೆಸುತ್ತಿದ್ದಳು. ಮೊಣಕೈಯ ಒರಟು ಚರ್ಮ ಕೆನ್ನೆಗೆ ತಾಗಿದ್ದು ಬಸ್ಸಿನಲ್ಲಿ ಈಗಲೂ ತಾಗಿದಂತಾಯಿತು. ಶಾಲಿಗಾಗಿ ಅವ್ವನನ್ನು ಖರ್ಚು ಮಾಡಿದೆ ಅಂತ ಅವತ್ತು ರಾತ್ರಿ ಅನ್ನಿಸಿತ್ತು. ಈಗ ಆ ಶಾಲೂ ಬಾಟಲಿಯ ಪುಣ್ಯವೇನೋ.

ಏನು ಹೇಳಬೇಕು ಅನ್ನುವುದನ್ನು ದಾರಿಯುದ್ದಕ್ಕೂ ಹೊಂದಿಸುತ್ತಿದ್ದಳು. ನೀರು ಇನ್ನೊಮ್ಮೆ ನೋಡಬೇಕಾಗಿದೆ. ಅಲ್ಲಿಯ ತನಕ ಬೇರೆ ನೀರು ಕುಡಿದರೆ ಒಳ್ಳೆಯದು. ಯಂತ್ರದಲ್ಲಿ ಒಂದು ಸಣ್ಣ ತೊಂದರೆ. ಯಂತ್ರದಲ್ಲಿ ಯಾವ ತೊಂದರೆಯೂ ಇರಲಿಲ್ಲ, ಹನೀಫ್ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವಂಥ ಒಂದು ವಾಕ್ಯ ಅವಳಿಗೆ ಬೇಕಾಗಿತ್ತು. ಮೋಟೆಬೆನ್ನೂರು ಬಂದರೂ ಸಿಗಲಿಲ್ಲ.

ಪ್ರೇಮವ್ವನ ಮನೆ ಊರಾಚೆ, ಮುಚ್ಚಿಹೋದ ಬೀಜದ ಗೋದಾಮಿನ ಹಿಂಬದಿಯ ಗೋಡೆಗೆ ಹತ್ತಿಕೊಂಡು ಇದೆ. ಅವಳ ಗಂಡ ಫಕ್ಕೀರಪ್ಪ ಆ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಬೀಜಕ್ಕೆ ಗುಲಾಬಿ ಬಣ್ಣದ ಪುಡಿ ಕಲಸಿದವ. ಬೀಜಕ್ಕೆ ಬೂಷ್ಟು ಹತ್ತಬಾರದೆಂದು ಹಚ್ಚುತ್ತಿದ್ದ ಪಾದರಸದ ಪುಡಿ ಅದು, ಈಗ ಬಳಕೆಯಲ್ಲಿಲ್ಲ. ಆಗ ಕೈಗವಸೂ ಇಲ್ಲ ಮುಖಕ್ಕೆ ಬಟ್ಟೆಯೂ ಇಲ್ಲ, ಹಿಟ್ಟು ನಾದಿದಂತೆ ನಾದುವುದು, ಸಂಜೆ ಡ್ರಮ್ಮು ತೊಳೆದು ಹಿಂದಿನ ಗುಂಡಿಗೆ ಸುರಿಯುವುದು. ಗುಂಡಿಯಿಂದ ಐವತ್ತು ಹೆಜ್ಜೆಗೆ ಈ ಓಣಿಯ ಬೋರು. ಲೀಟರಿಗೆ ಒಂದು ಮೈಕ್ರೋಗ್ರಾಂ ದಾಟಬಾರದು ಅನ್ನುವಲ್ಲಿ ನಲವತ್ತು. ಏಳು ತಿಂಗಳ ಹಿಂದೆ ಈ ಅಂಕಿಯನ್ನು ಹೇಳಿ ನೀರು ಕುಡಿಯಬೇಡಿ ಅಂದಾಗ ಫಕ್ಕೀರಪ್ಪ ಕೇಳಿದ್ದ: “ಹಂಗಾರ ಏನು ಕುಡೀಬೇಕ್ರಿ? ನದಿ ನೀರು ಎಂಟು ದಿನಕ್ಕೊಮ್ಮೆ ಬರತೈತಿ, ಬಂದ್ರ.” ಆ ಪ್ರಶ್ನೆಗೆ ಉತ್ತರವಾಗಿಯೇ ಎರಡು ಕೊಡ ಬಂದದ್ದು.

ಅಂಗಳದಲ್ಲಿ ಫಕ್ಕೀರಪ್ಪ ಹಗ್ಗ ಹೊಸೆಯಲು ಕೂತಿದ್ದ. ಎರಡೂ ಕೈ ನಡುಗುತ್ತಿದ್ದವು, ಹಗ್ಗ ಹಾಗೂ ಹೀಗೂ ಉದ್ದವಾಗುತ್ತಿತ್ತು. “ಬರ್ರಿ ಅಕ್ಕಾರ, ಕುಂದ್ರಿ. ಭಾಳ ದಿನಾತು ನಿಮ್ಮ ಕಾಲು ಈ ಕಡೆ ಹೊಳ್ಳಿ,” ಅಂದ. ಚುಚ್ಚಿ ಅಂದದ್ದಲ್ಲ, ಅದು ಅವಳಿಗೆ ಹೆಚ್ಚು ತಾಗಿತು. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ತಪ್ಪದೆ ಬಂದು, ಬಳಸಿದ ಇದ್ದಿಲನ್ನು ತೆಗೆದುಕೊಂಡು ಹೊಸದು ಹಾಕಿ ಹೋಗುತ್ತಿದ್ದಳು. ಪತ್ರಿಕೆಯಲ್ಲಿ ಬಂದ ಮೇಲೆ ಆರು ಪೊಟ್ಟಣ ಇದ್ದಿಲು ಒಟ್ಟಿಗೆ ಕೊಟ್ಟು, ತಿಂಗಳಿಗೊಂದು ನೀವೇ ಬದಲಿಸಿರಿ, ಹಳೆಯದನ್ನು ಮಾತ್ರ ಹೊರಗೆ ಚೆಲ್ಲಬೇಡಿರಿ, ಡಬ್ಬಿಯಲ್ಲಿಡಿರಿ, ನಾನು ಬಂದು ಒಯ್ಯುತ್ತೇನೆ ಅಂದಿದ್ದಳು. ನಾಲ್ಕು ತಿಂಗಳಾಗಿತ್ತು.

ಪ್ರೇಮವ್ವ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ ಎರಡನೆಯ ತರಗತಿ ಓದುವ ಮೊಮ್ಮಗಳು ದುರ್ಗಾ. ದ್ರಾಕ್ಷಾಯಿಣಿ ಮೇಲಿನ ಕೊಡದ ಬೋರ್ ನೀರಿನಿಂದ ಮೂರು ಶೀಷೆ, ಕೆಳಗಿನ ಕೊಡದ ಸೋಸಿದ ನೀರಿನಿಂದ ಮೂರು ಶೀಷೆ ತುಂಬಿ, ಮುಚ್ಚಳದ ಮೇಲೆ ತಾರೀಖು ಬರೆದಳು. ಕೆಲಸ ಇರುವ ತನಕ ಮಾತು ಬೇಕಾಗಲಿಲ್ಲ. ಪ್ರೇಮವ್ವ ತಾನಾಗಿಯೇ ಹೇಳಿದಳು: “ನಿಮ್ಮ ನೀರು ಕುಡಿಯಾಕ ಹತ್ತಿದ ಮ್ಯಾಲೆ ಇವರ ಕೈ ನಡುಗೋದು ಒಂದೀಟು ಕಡಿಮಿ ಆಗೇತ್ರಿ.” ಫಕ್ಕೀರಪ್ಪ ತಲೆಯಾಡಿಸಿದ, ಆಗಿಲ್ಲ ಅಂದರೆ ಹೆಂಡತಿಗೂ ಅತಿಥಿಗೂ ಬೇಜಾರಾದೀತು ಅನ್ನುವವನಂತೆ. ಈ ಮಾತನ್ನು ಪ್ರೇಮವ್ವ ಪತ್ರಿಕೆಯವರಿಗೂ ಹೇಳಿದ್ದಳು. ಇಪ್ಪತ್ತೆರಡು ವರ್ಷದ ನಡುಕ ಮೂರು ತಿಂಗಳ ನೀರಿನಿಂದ ಹೋಗುವುದಿಲ್ಲ ಅಂತ ಗೊತ್ತಿದ್ದೂ ದ್ರಾಕ್ಷಾಯಿಣಿ ತಿದ್ದಿರಲಿಲ್ಲ. ಈಗ ಹೇಳಬೇಕು, ಈಗ, ಅಂದುಕೊಂಡು ಬಾಯಿಂದ ಬಂದದ್ದು ಬೇರೆ. “ಹಳೇ ಇದ್ದಲಿ ಡಬ್ಬಿ ಕೊಡ್ರಿ ಪ್ರೇಮವ್ವಾರ, ಅದನ್ನೂ ಒಯ್ದು ನೋಡತೇನಿ.” ಅದನ್ನು ಅಳೆದರೆ ಎಲ್ಲ ಬಯಲಾಗುತ್ತದೆ ಅನ್ನುವುದು ಆಗಲೇ ಹೊಳೆದದ್ದು. ನೀರಿನಿಂದ ಪಾದರಸ ಹೋಗಿದ್ದರೆ ಇದ್ದಿಲಿನಲ್ಲಿ ಇರಲೇಬೇಕು.

ಪ್ರೇಮವ್ವ ನಕ್ಕಳು. “ಅದೆಲ್ಲಿ ಉಳದೈತ್ರಿ. ಚೆಲ್ಲಬ್ಯಾಡ್ರಿ ಅಂದಿದ್ರಿ, ಚೆಲ್ಲಲಿಲ್ಲ. ಡಬ್ಬಿ ತುಂಬಿತು, ನೀವು ಬರಲಿಲ್ಲ. ಅಷ್ಟು ಚೊಲೋ ಇದ್ದಲಿ, ಎರಡು ದಿನ ಬಿಸಲಿಗೆ ಹಾಕಿ, ಉಪ್ಪು ಲವಂಗ ಕೂಡಿಸಿ ಹಲ್ಲುಪುಡಿ ಕುಟ್ಟೀನ್ರಿ. ಮನಿ ಮಂದಿ ಎಲ್ಲಾ ಅದರಾಗ ಹಲ್ಲು ತಿಕ್ಕೋದು. ಏ ದುರ್ಗಾ, ಅಕ್ಕಾರಿಗೆ ಹಲ್ಲು ತೋರಸು.” ಹುಡುಗಿ ಬಾಯಿ ಅಗಲ ಮಾಡಿದಳು. ಹಲ್ಲು ಬೆಳ್ಳಗಿದ್ದವು, ವಸಡಿನ ಗೆರೆಯಲ್ಲಿ ಮಾತ್ರ ಸಣ್ಣಗೆ ಕಪ್ಪು. ದ್ರಾಕ್ಷಾಯಿಣಿ ಏನೋ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪ್ರೇಮವ್ವ ಮುಂದುವರಿಸಿದಳು: “ನಿಮ್ಮ ಅವ್ವಗೂ ಕಳಿಸಿದ್ದೆ, ಮುಟ್ಟಿತಿಲ್ರಿ? ಇವರು ರಾಣೆಬೆನ್ನೂರಿಗೆ ದವಾಖಾನಿಗೆ ಹೋದಾಗ ಕಾಲೇಜಿನ್ಯಾಗ ಕೇಳಿ ಮನಿತನಾ ಹೋಗಿ ಕೊಟ್ಟು ಬಂದಾರ. ಕೆಂಪು ಮುಚ್ಚಳದ ಡಬ್ಬಿ. ವಯಸ್ಸಾದ ಜೀವ, ವಸಡು ಮೆತ್ತಗ ಇರತಾವಂತ ಅವರಿಗೆ ಬ್ಯಾರೇನ ಕುಟ್ಟಿ ಅರಿವ್ಯಾಗ ಸೋಸೀನ್ರಿ.”

ಉತ್ತರಪತ್ರಿಕೆಗಳ ಗಂಟಿನ ಆಚೆ ಅವ್ವ ಬಾಗಿಲಲ್ಲಿ ನಿಂತು ಹೇಳಿದ್ದು ಈಗ ಕೇಳಿಸಿತು. ಕೈ ನಡುಗೋ ಮನಶ್ಯಾ ಒಬ್ಬಾಂವ ಬಂದಿದ್ದ, ನಿನ್ನ ಭಾಳ ಹೊಗಳಿದ, ಇದನ್ನ ಕೊಟ್ಟು ಹೋದ. ಹೂಂ ಅಂದಿದ್ದಳು ದ್ರಾಕ್ಷಾಯಿಣಿ, ಯಾವನದೋ ತಪ್ಪು ಸಮೀಕರಣಕ್ಕೆ ಅರ್ಧ ಅಂಕ ಕೊಡುತ್ತ. ಅವಳೂ ಚಿಕ್ಕವಳಿದ್ದಾಗ ಒಲೆಯ ಇದ್ದಿಲಿನಿಂದಲೇ ಹಲ್ಲುಜ್ಜಿದವಳು. ಹಾವೇರಿಯ ಹಾಸ್ಟೆಲ್ಲಿಗೆ ಮೊದಲ ದಿನ ಚೀಟಿಯಲ್ಲಿ ಕಟ್ಟಿಕೊಂಡು ಹೋದದ್ದೂ ಅದೇ. ನಲ್ಲಿಯ ಹತ್ತಿರ ನಸ್ರೀನ್ ಅನ್ನುವ ಹುಡುಗಿ ನೋಡಿ, ನಗದೆ, ತನ್ನ ಪೇಸ್ಟನ್ನು ಸುಮ್ಮನೆ ಮುಂದೆ ಚಾಚಿದ್ದಳು. ನಕ್ಕಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಮೊದಲ ರಜೆಗೆ ಒಂದು ಟ್ಯೂಬು ಕೊಂಡು ಊರಿಗೆ ಬಂದು, ಇನ್ನ ಇದನ್ನ ಬಳಸು ಅಂತ ಅವ್ವನಿಗೆ ಕೊಟ್ಟಿದ್ದಳು. ಈ ಸೀಮೆಯಲ್ಲಿ ಯಾರ ಮನೆಯಲ್ಲಿ ಒಳ್ಳೆಯ ಇದ್ದಿಲು ಹಾಳಾಗಲು ಬಿಡುತ್ತಾರೆ? ಮೈಸೂರಿನ ಕಡೆಯವರಿಗೆ, ಧಾರವಾಡದ ಗಾಜಿನ ಕೋಣೆಯವರಿಗೆ ಗೊತ್ತಿರಲಿಕ್ಕಿಲ್ಲ. ಅವಳಿಗೆ ಗೊತ್ತಿರಬೇಕಾಗಿತ್ತು, ಗೊತ್ತಿತ್ತು ಕೂಡ. ಗೊತ್ತಿದ್ದದ್ದನ್ನು ಟ್ಯೂಬು ಕೊಂಡ ದಿನವೇ ನಾಚಿಕೆಯಿಂದ ಹಿಂದೆ ಬಿಟ್ಟು ಬಂದಿದ್ದಳು.

“ಉಳದಿದ್ದಷ್ಟು ಪುಡಿ ಕೊಡ್ರಿ,” ಅಂದಳು. “ಯಾಕ್ರಿ?” ಅಂದಳು ಪ್ರೇಮವ್ವ. “ನೋಡಾಕ.” ಪ್ರೇಮವ್ವ ಇದ್ದಬದ್ದದ್ದನ್ನೆಲ್ಲ ಖುಷಿಯಿಂದ ಕಟ್ಟಿಕೊಟ್ಟಳು, ಧಾರವಾಡದವರು ತನ್ನ ಹಲ್ಲುಪುಡಿಯನ್ನೂ ಯಂತ್ರಕ್ಕೆ ಹಾಕಿ ನೋಡುತ್ತಾರಲ್ಲ ಅಂತ. ಮನೆಯಲ್ಲಿ ಚಿಟಿಕೆ ಕೂಡ ಉಳಿಯದಂತೆ ದ್ರಾಕ್ಷಾಯಿಣಿ ಕೇಳಿ ಪಡೆದಳು. ಅಷ್ಟು ಮಾಡಿದೆ, ಇನ್ನೇನು, ಇನ್ನು ಯಾರೂ ಉಜ್ಜುವುದಿಲ್ಲ, ಕಾರಣ ವರದಿ ಬಂದ ಮೇಲೆ ಹೇಳಿದರಾಯಿತು, ಅಂತ ತನಗೆ ತಾನೇ ಹೇಳಿಕೊಳ್ಳುತ್ತ ಚಹಾವನ್ನೂ ಬೇಡವೆಂದು ಹೊರಬಿದ್ದಳು.

ಹೆದ್ದಾರಿಯ ಬದಿಯಲ್ಲಿ ನಿಂತು ಲೆಕ್ಕ ಹಾಕಿದಳು. ಲೆಕ್ಕ ಹಾಕುವುದು ಅವಳಿಗೆ ಉಸಿರಾಡಿದಷ್ಟು ಅಭ್ಯಾಸ. ದಿನಕ್ಕೆ ಇಪ್ಪತ್ತು ಲೀಟರು, ತಿಂಗಳಿಗೆ ಆರುನೂರು, ಅರ್ಧ ಕಿಲೋ ಇದ್ದಿಲು. ಇದ್ದಿಲು ಕೆಲಸ ಮಾಡಿದ್ದರೆ ಒಂದು ಚಿಟಿಕೆ ಪುಡಿಯಲ್ಲಿ ಒಂದು ತಂಬಿಗೆ ಬೋರ್ ನೀರಿನಲ್ಲಿ ಇರುವಷ್ಟು ಪಾದರಸ. ಗಂಧಕ ಹಿಡಿದಿಟ್ಟ ಪಾದರಸ ಹೊಟ್ಟೆಗೆ ಸುಲಭಕ್ಕೆ ಇಳಿಯುವುದಿಲ್ಲ, ಉಗುಳಿದ್ದೇ ಹೆಚ್ಚು. ಭಯಪಡುವಷ್ಟಿಲ್ಲ ಅಂತ ಲೆಕ್ಕ ಹೇಳಿತು, ಎದೆ ಕೇಳಲಿಲ್ಲ. ಇದ್ದಿಲು ಕೆಲಸ ಮಾಡದಿದ್ದರೆ ಪುಡಿ ಬರೀ ಪುಡಿ, ಯಾರಿಗೂ ಏನೂ ಆಗುವುದಿಲ್ಲ. ಆದರೆ ಆ ಹುಡುಗಿ ಏಳು ತಿಂಗಳು ಅದೇ ಬೋರ್ ನೀರನ್ನು ಸೋಸಿದ ನೀರೆಂದು ನಂಬಿ ಕುಡಿದಳು, ದಿನಕ್ಕೆ ಒಂದಲ್ಲ, ಎರಡು ಮೂರು ತಂಬಿಗೆ. ಕೆಲಸ ಮಾಡಿದ್ದರೆ ನೀರು ಒಳ್ಳೆಯದು, ವಿಷ ಪುಡಿಯಲ್ಲಿ. ಆ ಮನೆಯವರಿಗೆ ಯಾವುದು ಮೇಲು ಅಂತ ಲೆಕ್ಕ ತಿಳಿಯದವನೂ ಹೇಳುತ್ತಾನೆ. ಆದರೆ ಅವ್ವ ಆ ಬೋರಿನ ನೀರು ಕುಡಿದಿಲ್ಲ. ಅವ್ವನ ಬಾಯಿಗೆ ಹೋದದ್ದು ಪುಡಿ ಮಾತ್ರ. ಇದ್ದಿಲು ಸೋತಿದ್ದರೆ ಅವ್ವನಿಗೆ ಏನೂ ಇಲ್ಲ. ಸೋತಿರಲಿ ದೇವರೇ, ಸೋತಿರಲಿ, ಅಂತ ಅವಳು ಬೇಡುತ್ತಿದ್ದಳು. ಲಾರಿಗಳು ಹೋಗುತ್ತಿದ್ದವು, ತುಟಿ ಅಲ್ಲಾಡುತ್ತಿದ್ದದ್ದು ಅವಳಿಗೇ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಅದರ ಅರ್ಥ ಏನೆಂದು ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬಾಯಿ ಅಗಲ ಮಾಡಿ ಹಲ್ಲು ತೋರಿಸಿದ ಆ ಕೂಸು ಏಳು ತಿಂಗಳು ವಿಷದ ನೀರು ಕುಡಿದಿರಲಿ ಅಂತ ಅವಳು ದೇವರನ್ನು ಕೇಳಿಕೊಳ್ಳುತ್ತಿದ್ದಳು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯವಾದ ಮೇಲೂ ಬೇಡಿಕೆ ಒಳಗೆ ನಿಲ್ಲಲಿಲ್ಲ.

ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. “ಹತ್ತೋದಿದ್ರ ಲಗೂ ಹತ್ರಿ ಬಾಯಾರ, ಇಲ್ಲಾ ಕೆಳಗ ನಿಂದರ್ರಿ,” ಅಂದ ಕಂಡಕ್ಟರು. ಕೆಳಗೆ ನಿಂತಳು. ಬಸ್ಸಿನೊಳಗಿನವರು ಅವಳನ್ನು ನೋಡಿದರು, ಯಾರೋ ನಕ್ಕರು. ಓಣಿಗೆ ತಿರುಗಿ ನಡೆಯುವಾಗ ಹೊಂದಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ, ಅದೇ ಒಳ್ಳೆಯದಾಯಿತು.

ಅಂಗಳದಲ್ಲೇ ನಿಂತು ಹೇಳಿದಳು. ಬಾಟಲಿಯ ತಪ್ಪು ಹೇಳಿದಳು, ಮೂರು ವಾರ ಗೊತ್ತಿದ್ದೂ ಬರಲಿಲ್ಲ ಅಂದಳು. ನೀರು ಕೆಟ್ಟದ್ದಿರಬಹುದು, ಇಲ್ಲವೆ ಪುಡಿ ಕೆಟ್ಟದ್ದಿರಬಹುದು, ಎರಡರಲ್ಲಿ ಒಂದು ಖಂಡಿತ ಅಂದಳು. ಚೆಲ್ಲಬೇಡಿ ಅಂದವಳು ಯಾಕೆ ಅಂತ ಹೇಳಲಿಲ್ಲ, ತಪ್ಪು ನಿಮ್ಮದಲ್ಲ ನನ್ನದು ಅಂದಳು. ಫಕ್ಕೀರಪ್ಪ ಹಗ್ಗವನ್ನು ಕೆಳಗಿಟ್ಟ. ಕೈಗಳು ಖಾಲಿಯಾದ ಮೇಲೆ ನಡುಕ ಇನ್ನೂ ಚೆನ್ನಾಗಿ ಕಾಣಿಸಿತು. “ನಿಮ್ಮನ್ನ ನಂಬಿದ್ವಿ ಅಕ್ಕಾರ. ಕಂಪನಿಯವರನ್ನೂ ಹಿಂಗ ನಂಬಿದ್ವಿ,” ಅಂದ. ಅವಳು ಅದಕ್ಕೆ ಸಿದ್ಧಳಾಗಿಯೇ ಬಂದಿದ್ದಳು, ಬೈಗುಳಕ್ಕೆ, ಚೀಲ ಎಸೆಯುವುದಕ್ಕೆ ಕೂಡ. ಪ್ರೇಮವ್ವ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲೇ ಕುಸಿದು ಕೂತಳು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಅವಳ ಬಾಯನ್ನು ಸೆರಗಿನ ತುದಿಯಿಂದ ಒರೆಸಿದಳು, ಒರೆಸಿದಳು. ಆಮೇಲೆ ತಲೆಯೆತ್ತಿದಳು. “ಅಯ್ಯ ಶಿವನ, ನಿಮ್ಮ ಅವ್ವಗೂ ಕೊಟ್ಟೀನಲ್ರಿ. ಆ ಹಿರೇ ಜೀವಕ್ಕ ನನ್ನ ಕೈಲೇ ಕುಟ್ಟಿ ಕಳಿಸೀನಿ. ಅವರಿಗೆ ಏನರ ಆತಂದ್ರ ನಾ ಯಾವ ಬಾಯಲೆ ಮಾತಾಡ್ಲಿ? ತಪ್ಪಾತ್ರಿ ಅಕ್ಕಾರ.” ದ್ರಾಕ್ಷಾಯಿಣಿ ಕಟ್ಟೆಯ ಮೇಲೆ ಕೂತು, ಹಾಗನ್ನಬೇಡಿರಿ, ಹಾಗನ್ನಬೇಡಿರಿ ಅಂದಳು. ಹೆದ್ದಾರಿಯ ಬದಿಯಲ್ಲಿ ತಾನು ಬೇಡಿಕೊಂಡದ್ದು ಒಂದನ್ನು ಮಾತ್ರ ಹೇಳಲಿಲ್ಲ.

ವರದಿ ಬರುವ ತನಕ ಮೋಟೆಬೆನ್ನೂರಿನಿಂದ ದಿನಕ್ಕೆ ಎರಡು ಕ್ಯಾನು ನೀರು ಆ ಮನೆಗೆ ಹೋಗುವಂತೆ ಆಟೋದವನಿಗೆ ಹೇಳಿದಳು. ಮನೆಗೆ ಬಂದು ಮೊದಲು ಕೆಂಪು ಮುಚ್ಚಳದ ಡಬ್ಬಿಯನ್ನು ಹಲಗೆಯಿಂದ ಇಳಿಸಿ ಚೀಲಕ್ಕೆ ಹಾಕಿದಳು, ಆಮೇಲೆ ಅವ್ವನಿಗೆ ಹೇಳಿದಳು. “ಬಾಯಿ ತಂಪಿತ್ತು,” ಅಂದಳು ಹೊಳಿಯವ್ವ. ಮರುದಿನ ಧಾರವಾಡಕ್ಕೆ ಹೋಗಿ ಶೀಷೆ, ಪುಡಿ ಎರಡನ್ನೂ ಹನೀಫನ ಕೈಗೆ ಕೊಟ್ಟಳು. ಅದರ ಮರುದಿನ ಅವ್ವನೂ ಸೇರಿ ನಾಲ್ವರನ್ನೂ ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದಳು. ಬೆಂಚಿನ ಮೇಲೆ ಇಬ್ಬರು ಮುದುಕಿಯರು ಪಕ್ಕಪಕ್ಕ ಕೂತರು. ಪ್ರೇಮವ್ವ ಹೊಳಿಯವ್ವನ ಕೈ ಹಿಡಿದುಕೊಂಡು ಅಳಲು ಶುರುಮಾಡಿದಾಗ ಹೊಳಿಯವ್ವ ಇನ್ನೊಂದು ಕೈಯ ಮೊಣಕೈಯಿಂದ ಅವಳ ಕಣ್ಣೊರೆಸಿದಳು. ಸುಗ್ಗಿ ಬಿಟ್ಟು ಹನ್ನೊಂದು ವರ್ಷವಾಗಿದ್ದರೂ ಆ ಅಭ್ಯಾಸ ಹೋಗಿರಲಿಲ್ಲ. ದುರ್ಗಾ ಸೂಜಿ ಚುಚ್ಚಿದ ಜಾಗದ ಹತ್ತಿಯನ್ನು ಎಲ್ಲರಿಗೂ ತೋರಿಸುತ್ತಿದ್ದಳು.

ಗುರುವಾರ ಮಧ್ಯಾಹ್ನ ಹನೀಫ್ ಫೋನು ಮಾಡಿದ. ದ್ರಾಕ್ಷಾಯಿಣಿ ಊಟಕ್ಕೆ ಮನೆಗೆ ಬಂದಿದ್ದಳು. “ಮೇಡಂ, ಮ್ಯಾಲಿನ ಕೊಡ ನಲವತ್ತೊಂದು. ಕೆಳ್ಗಿನ ಕೊಡ ಒಂದರ ಒಳಗ. ಮೂರೂ ಶೀಷಾ ಹಂಗ. ನೀರಿನಿಂದ ಹೋದದ್ದೆಲ್ಲಾ ಪುಡಿಯೊಳಗ ಸಿಕ್ಕೈತಿ, ಲೆಕ್ಕಾ ಬರೋಬ್ಬರಿ ಕೂಡತೈತಿ. ನಿಮ್ಮ ಇದ್ದಲಿ ಖರೇನ ಕೆಲಸಾ ಮಾಡೈತ್ರಿ. ಪೇಢೆ ನಾ ಕೊಡಸ್ಲೋ, ನೀವು ಕೊಡಸ್ತೀರೋ?” ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಆ ಇದ್ದಿಲಿಗಾಗಿ ಪಟ್ಟ ನಾಲ್ಕು ವರ್ಷದ ದುಡಿಮೆ ನಿಜವಾಗಿತ್ತು. ತಟ್ಟೆಯಲ್ಲಿ ರೊಟ್ಟಿ ತಣ್ಣಗಾಗುತ್ತಿತ್ತು, ಅವಳಿಗೆ ಮುರಿಯಲು ಕೈ ಬರಲಿಲ್ಲ.

“ಏನಂದ?” ಅಂದಳು ಹೊಳಿಯವ್ವ, ಪಲ್ಯ ಬಡಿಸುತ್ತ. ದ್ರಾಕ್ಷಾಯಿಣಿ ಹೇಳಿದಳು. ಪುಡಿಯಲ್ಲಿ ಪಾದರಸ ಇದೆ, ರಕ್ತದ ವರದಿ ಬರಲು ಇನ್ನೂ ಎಂಟು ದಿನ, ಬಹಳ ಮಾಡಿ ಏನೂ ಇರುವುದಿಲ್ಲ, ಆದರೂ ಬರುವ ತನಕ ಹೇಳಲಾಗದು ಅಂದಳು. ಹೊಳಿಯವ್ವ ಸೌಟು ಹಿಡಿದುಕೊಂಡೇ ಯೋಚಿಸಿದಳು. “ಹಂಗಾರ ಆ ಕೂಸು ಇಷ್ಟು ದಿನಾ ಕುಡದದ್ದು ಚೊಲೋ ನೀರು,” ಅಂದಳು. “ಹೂಂ ಅವ್ವಾ.” “ಮತ್ತ ಮಾರಿ ಯಾಕ ಹಂಗ ಮಾಡ್ಕೊಂಡು ಕುಂತೀದಿ? ಚೊಲೋ ಆತಲ್ಲ.”

ಅವ್ವನಿಗೆ ಅದು ಅಷ್ಟು ಸಲೀಸಾಗಿ ತೋಚಿದ್ದು ನೋಡಿ ಅವಳಿಗೆ ತಡೆಯಲಾಗಲಿಲ್ಲ. “ನಾ ಅದು ಕೆಲಸಾ ಮಾಡಿರಬಾರದಂತ ಬೇಡ್ಕೊಂಡೆ ಅವ್ವಾ. ರಸ್ತೇದಾಗ ನಿಂತು ಬೇಡ್ಕೊಂಡೆ. ಆ ಹುಡುಗಿ ಕೆಟ್ಟ ನೀರ ಕುಡದಿದ್ರ ಕುಡದಿರ್ಲಿ, ನಿನಗ ಏನೂ ಆಗಬಾರದು ಅಂತ.” ಹೊಳಿಯವ್ವ ಮಗಳ ತಟ್ಟೆಯಿಂದ ತಣ್ಣಗಾದ ರೊಟ್ಟಿ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡು, ಬಿಸಿಯದೊಂದನ್ನು ಇವಳ ತಟ್ಟೆಗೆ ಹಾಕಿದಳು.

“ನನ್ನ ಮುಂದ ಹೇಳೀದಿ, ಸಾಕು,” ಅಂದಳು. “ಅಲ್ಲಿ ಹೋಗಿ ಹೇಳಬ್ಯಾಡ. ಅಕಿ ನನ್ನ ವಸಡಿಗೆ ನೋವಾಗಬಾರದಂತ ಅರಿವ್ಯಾಗ ಸೋಸಿ ಕಳಿಸಿದ್ಲು.”